ವೆಲ್ಲೂರಿನ ಐಡಾ ಡಾಕ್ಟ್ರಮ್ಮ



ಕಳೆದ ತಿಂಗಳ ನಮ್ಮ ಸಂಘದ ಸಭೆಯಲ್ಲಿ ಕಾರ್ಯಸೂಚಿಯಲ್ಲಿಲ್ಲದ ವಿಷಯವೊಂದು ಎದ್ದಿತು. ಸದಸ್ಯರೊಬ್ಬರ ಮನೆಯ ಸೊಸೆಗೆ ದಿನ ತುಂಬುತ್ತಾ ಬಂದಿದೆ. ಹೆರಿಗೆಗೆ ಲೇಡಿ ಡಾಕ್ಟರೇ ಇರುವ ಆಸ್ಪತ್ರೆ ಆಗಬೇಕೆಂದು ಆಕೆ ಹೇಳಿದ್ದಾಳಂತೆ. ಚಾ ಕುಡಿಯುವ ಹೊತ್ತಿಗೆ ಇದು ಎಲ್ಲರ ಬಾಯಿಗೂ ಬಂತು. ಇಷ್ಟು ಓದಿದ ಹುಡುಗಿಗೆ ಇದೆಂಥ ಹಳೆ ಕಾಲದ ಸಂಕೋಚ ಎಂದು ಹಿರಿಯರೊಬ್ಬರು ನಕ್ಕರು. ಜೀವ ಉಳಿಸುವವರು ಯಾರಾದರೇನು ಎಂದರು ಇನ್ನೊಬ್ಬರು. ಅವಳ ಮಾತಿನಲ್ಲಿ ತಪ್ಪೇನಿದೆ ಎಂದು ಮತ್ತೊಬ್ಬರು ವಾದಕ್ಕೆ ನಿಂತರು. ಹೀಗೆ ಅರ್ಧ ಗಂಟೆ ಹೋಯಿತು. ಮನೆಗೆ ಬಂದು ನಡಾವಳಿ ಬರೆಯಲು ಕುಳಿತಾಗ ನಮಗೆ ಹೊಳೆಯಿತು, ಮಾತಾಡಿದವರು ಏಳು ಮಂದಿ, ಏಳೂ ಮಂದಿ ಗಂಡಸರು. ಒಳಗೆ ಚಾ ಮಾಡುತ್ತಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲ. ಕಾರ್ಯದರ್ಶಿಯಾದ ನಾವೂ ಕೇಳಲಿಲ್ಲ.

ಆಗ ನೆನಪಾದವರು ಡಾಕ್ಟರ್ ಐಡಾ ಸ್ಕಡರ್. ಈ ತಿಂಗಳ ವ್ಯಕ್ತಿಪರಿಚಯಕ್ಕೆ ಅವರನ್ನೇ ಆರಿಸಿಕೊಂಡಿದ್ದೇವೆ.

ನಮ್ಮ ಕಡೆ ವೆಲ್ಲೂರು ಎಂದರೆ ಊರಿನ ಹೆಸರಲ್ಲ, ಆಸ್ಪತ್ರೆಯ ಹೆಸರು. ಕಾಸರಗೋಡಿನಲ್ಲಿ ಆಗದ್ದಕ್ಕೆ ಮಂಗಳೂರು, ಮಂಗಳೂರಿನಲ್ಲೂ ಕೈ ಚೆಲ್ಲಿದರೆ ವೆಲ್ಲೂರು ಎಂಬ ಲೆಕ್ಕ ನಮ್ಮ ಹಿರಿಯರ ಕಾಲದಿಂದ ಇದೆ. ಸೀತಾಂಗೋಳಿಯ ಸುತ್ತಮುತ್ತಲೂ ಒಮ್ಮೆಯಾದರೂ ರೈಲು ಹತ್ತಿ ಅಲ್ಲಿಗೆ ಹೋಗಿ ಬಂದ ಮನೆಗಳು ಹಲವು ಇವೆ. ಆದರೆ ಅಷ್ಟು ದೊಡ್ಡ ಆಸ್ಪತ್ರೆಗೆ ಬುನಾದಿಯಾದದ್ದು, ಹೆರಿಗೆಯ ಕೋಣೆಗೆ ಗಂಡು ಡಾಕ್ಟರು ಬೇಡವೆಂದು ಹೇಳಿ ತಿರುಗಿ ಹೋದ ಮೂವರು ಗಂಡಂದಿರು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಐಡಾ ಸೋಫಿಯಾ ಸ್ಕಡರ್ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ಅಮೆರಿಕದಿಂದ ಬಂದ ಮಿಷನರಿ ಕುಟುಂಬ. ಅಜ್ಜ ಜಾನ್ ಸ್ಕಡರ್ 1819ರಲ್ಲೇ ಬಾಸ್ಟನ್ನಿನಿಂದ ಹಡಗು ಹತ್ತಿ ಮೊದಲು ಸಿಂಹಳಕ್ಕೂ ಆಮೇಲೆ ಮದ್ರಾಸಿಗೂ ಬಂದ ವೈದ್ಯ. ತಂದೆಯ ಹೆಸರೂ ಜಾನ್, ಅವರೂ ವೈದ್ಯ. ಆ ಮನೆತನದಲ್ಲಿ ಮಿಷನ್ ಕೆಲಸಕ್ಕೆ ಹೋಗದವರನ್ನು ಹುಡುಕಬೇಕಿತ್ತು. ಐದು ಮಂದಿ ಅಣ್ಣಂದಿರ ನಂತರ ಹುಟ್ಟಿದ ಒಬ್ಬಳೇ ಹುಡುಗಿ ಐಡಾ. ಆರೇಳು ವರ್ಷದವರಿದ್ದಾಗ, ಹಳೆ ಮೈಸೂರಿನವರು ಧಾತು ಈಶ್ವರದ ಬರ ಎನ್ನುವ 1876-78ರ ಘೋರ ಕ್ಷಾಮ ಬಂತು. ಹಸಿದು ಬಂದ ಮಕ್ಕಳ ಬಾಯಿಗೆ ರೊಟ್ಟಿಯ ತುಂಡು ಇಡುವ ಕೆಲಸ ಆ ಪುಟ್ಟ ಹುಡುಗಿಯ ಪಾಲಿಗೂ ಬಂದಿತ್ತು. ಆಮೇಲೆ ಅಮೆರಿಕಕ್ಕೆ ಹೋದರು. ತಂದೆತಾಯಿ ಮರಳಿ ಭಾರತಕ್ಕೆ ಬಂದರೂ ಅವರು ಅಲ್ಲೇ ಉಳಿದು ಓದಿದರು. ಈ ದೇಶ, ಈ ಸೆಕೆ, ಈ ಬಡತನ ತನಗೆ ಬೇಡ, ಅಲ್ಲೇ ಮದುವೆಯಾಗಿ ಸುಖವಾಗಿರಬೇಕು ಎಂಬ ಆಸೆ ಅವರದು. ಆ ವಯಸ್ಸಿಗೆ ಅದು ಸಹಜವೇ. 1890ರಲ್ಲಿ ತಾಯಿಗೆ ಹುಷಾರಿಲ್ಲವೆಂದು ಕರೆ ಬಂದಾಗ, ಸ್ವಲ್ಪ ದಿನ ನೋಡಿಕೊಂಡು ಹಿಂತಿರುಗುವುದೆಂದು ನಿಶ್ಚಯಿಸಿಯೇ ತಿಂಡಿವನಕ್ಕೆ ಬಂದರು.

ಅಲ್ಲಿಯ ಒಂದು ರಾತ್ರಿಯ ಕಥೆಯನ್ನು ಅವರು ಜೀವಮಾನವಿಡೀ ಹೇಳುತ್ತಾ ಬಂದರು.

ಐಡಾ ದೀಪದ ಬೆಳಕಿನಲ್ಲಿ ಕುಳಿತಿದ್ದಾಗ ಹೊರಗೆ ಹೆಜ್ಜೆಯ ಸದ್ದಾಯಿತು. ಬಾಗಿಲಲ್ಲಿ ಒಬ್ಬ ಬ್ರಾಹ್ಮಣ ತರುಣ. ಹೆಂಡತಿಗೆ ಮೊದಲ ಹೆರಿಗೆ, ಹದಿನಾಲ್ಕರ ಆಸುಪಾಸಿನ ಹುಡುಗಿ, ಸೂಲಗಿತ್ತಿಯ ಕೈಯಲ್ಲಿ ಆಗುತ್ತಿಲ್ಲ, ದಯವಿಟ್ಟು ಬರಬೇಕು ಎಂದು ಕೇಳಿಕೊಂಡ. ತನಗೆ ವೈದ್ಯ ತಿಳಿಯದು, ತಂದೆ ದೊಡ್ಡ ವೈದ್ಯರು, ಅವರನ್ನು ಕಳುಹಿಸುತ್ತೇನೆ ಎಂದರು ಐಡಾ. ಆತ ಒಪ್ಪಲಿಲ್ಲ. ಮನೆಯವರಲ್ಲದ ಗಂಡಸು ತನ್ನ ಹೆಂಡತಿಯ ಮುಖ ನೋಡುವ ಹಾಗಿಲ್ಲ, ಅದಕ್ಕಿಂತ ಅವಳು ಸಾಯುವುದೇ ಲೇಸು ಎಂಬ ಅರ್ಥದ ಮಾತು ಹೇಳಿ ಕತ್ತಲೆಗೆ ಹಿಂತಿರುಗಿದ. ಸ್ವಲ್ಪ ಹೊತ್ತಿಗೆ ಮತ್ತೆ ಹೆಜ್ಜೆಯ ಸದ್ದು. ಈ ಸಲ ಒಬ್ಬ ಮುಸ್ಲಿಂ ಗೃಹಸ್ಥ, ಅದೇ ಸಂಕಟ, ಅದೇ ಬೇಡಿಕೆ. ಐಡಾ ತಂದೆಯನ್ನೇ ಕರೆದು ತಂದು ಆತನ ಮುಂದೆ ನಿಲ್ಲಿಸಿದರು. ಆತನೂ ಒಪ್ಪಲಿಲ್ಲ. ಮೂರನೆಯವನು ಬೇರೆ ಜಾತಿಯ ಹಿಂದು. ಅವನೂ ಹಾಗೆಯೇ ಬಂದ, ಹಾಗೆಯೇ ಹೋದ. ಬೆಳಿಗ್ಗೆ ಬೀದಿಯಲ್ಲಿ ಶವಯಾತ್ರೆಯ ವಾದ್ಯ ಕೇಳಿಸಿತು. ಆಳನ್ನು ಕಳುಹಿಸಿ ವಿಚಾರಿಸಿದರೆ ಮೂವರು ಹುಡುಗಿಯರೂ ತೀರಿಕೊಂಡಿದ್ದರು.

ನಮ್ಮ ಪೇಟೆಯಲ್ಲಿ ಸಂಜೆ ಬಸ್ಸಿಗೆ ಕಾದು ನಿಂತರೆ ಈ ಮೂರೂ ಬಗೆಯ ಮನೆಯವರು ಅಕ್ಕಪಕ್ಕದಲ್ಲೇ ನಿಂತಿರುತ್ತಾರೆ. ಬೇರೆಲ್ಲದರಲ್ಲಿ ಬೇರೆ ಬೇರೆಯಾಗಿದ್ದ ಮನೆಗಳು ಈ ಒಂದು ವಿಷಯದಲ್ಲಿ ಒಂದೇ ಆಗಿದ್ದವು. ಆ ಗಂಡಂದಿರನ್ನು ಕಲ್ಲೆದೆಯವರು ಎಂದು ಬೈದುಬಿಡುವುದು ಸುಲಭ. ನಮಗೆ ಹಾಗನ್ನಿಸುವುದಿಲ್ಲ. ನಡುರಾತ್ರಿ ಪರಂಗಿಯವರ ಬಂಗಲೆಯ ಬಾಗಿಲು ತಟ್ಟುವಷ್ಟು ಸಂಕಟ ಅವರಿಗೂ ಇತ್ತು. ಕಟ್ಟುಪಾಡನ್ನು ಮೀರುವ ಧೈರ್ಯ ಮಾತ್ರ ಇರಲಿಲ್ಲ. ಆದರೆ ಒಂದು ವಿಚಾರ ನಮ್ಮನ್ನು ಬಿಡುವುದಿಲ್ಲ. ಗಂಡು ವೈದ್ಯ ಬೇಡ ಎಂದವರು ಗಂಡಂದಿರು. ನೋವು ತಿನ್ನುತ್ತಾ ಮಲಗಿದ್ದ ಹುಡುಗಿಯರು ಏನು ಬಯಸಿದ್ದರು? ಬೇಡ ಎನ್ನುತ್ತಿದ್ದರೋ, ಯಾರಾದರೂ ಬರಲಿ ಎನ್ನುತ್ತಿದ್ದರೋ? ಅವರನ್ನು ಯಾರೂ ಕೇಳಲಿಲ್ಲ. ಅವರ ಹೆಸರು ಕೂಡ ನಮಗೆ ಉಳಿದಿಲ್ಲ.

ಇಲ್ಲಿ ನಮ್ಮದೇ ಒಂದು ಮಾತು ಹೇಳಬೇಕು. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ, ಮನೆಯವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ.

1988ರ ಮಳೆಗಾಲ. ನಮ್ಮ ಮನೆಯವರು ಮೊದಲ ಹೆರಿಗೆಗೆ ತವರಿನಲ್ಲಿದ್ದರು. ಆಫೀಸಿಗೆ ರಜೆಯೆಂದು ಶನಿವಾರ ನಾವೂ ಅಲ್ಲಿಗೆ ಹೋಗಿದ್ದೆವು. ರಾತ್ರಿ ನೋವು ಶುರುವಾಯಿತು. ಜೀಪು ಹಿಡಿದು ಆಸ್ಪತ್ರೆಗೆ ತಲುಪಿದಾಗ ಡ್ಯೂಟಿಯಲ್ಲಿ ಇದ್ದದ್ದು ಗಂಡು ಡಾಕ್ಟರು. ನಾವು ಬಾಗಿಲಲ್ಲೇ ನಿಂತು, ಲೇಡಿ ಡಾಕ್ಟರು ಬರುವವರೆಗೆ ಕಾಯುತ್ತೇವೆ ಎಂದೆವು. ಅವರೇನೂ ಅನ್ನಲಿಲ್ಲ, ನರ್ಸಮ್ಮ ಮಾತ್ರ ನಮ್ಮ ಮುಖವನ್ನೇ ನೋಡಿದರು. ಆ ಮಳೆಯಲ್ಲಿ ಲೇಡಿ ಡಾಕ್ಟರು ಬಂದು ಮುಟ್ಟುವಾಗ ಒಂದೂವರೆ ಗಂಟೆ ಕಳೆದಿತ್ತು. ದೇವರ ದಯೆ, ತಾಯಿ ಮಗಳು ಇಬ್ಬರೂ ಕ್ಷೇಮ. ಮನೆಯವರ ಮಾನ ಕಾಪಾಡಿದೆವು ಎಂಬ ಸಮಾಧಾನದಲ್ಲೇ ನಾವಿದ್ದೆವು. ಎಷ್ಟೋ ಕಾಲದ ಮೇಲೆ ಒಂದು ದಿನ ಅಕ್ಕಿ ಆರಿಸುತ್ತಾ ಅವರು ಹೇಳಿದರು, ಆ ಹೊತ್ತಿಗೆ ತಮಗೆ ಗಂಡು ಹೆಣ್ಣು ಒಂದೂ ಕಾಣುತ್ತಿರಲಿಲ್ಲ, ಯಾರಾದರೂ ಬೇಗ ಬಂದರೆ ಸಾಕಿತ್ತು ಎಂದು. ಸಿಟ್ಟಿನಿಂದ ಹೇಳಿದ್ದಲ್ಲ. ಹಾಗಾಗಿಯೇ ಇರಬೇಕು, ಇಂದಿಗೂ ಚುಚ್ಚುತ್ತದೆ. ಎರಡನೆಯ ಹೆರಿಗೆಗೆ ಅವರೇ ಮುಂಚಿತವಾಗಿ ವಿಚಾರಿಸಿ, ತಮಗೆ ಬೇಕಾದ ಲೇಡಿ ಡಾಕ್ಟರನ್ನೇ ಆರಿಸಿಕೊಂಡರು. ಎರಡು ಸಲ ಎರಡು ಬಗೆಯ ಉತ್ತರ. ತಿಂಡಿವನದ ಆ ಮೂವರಿಗೂ ನಮಗೂ ನೂರು ವರ್ಷದ ಅಂತರ. ನಮ್ಮ ಅದೃಷ್ಟ ದೊಡ್ಡದಿತ್ತು, ಅಷ್ಟೆ.

ಐಡಾ ಅವರ ಕಥೆಗೆ ಮರಳೋಣ. ಆ ರಾತ್ರಿಯ ನಂತರ ಅವರು ಜನರ ಮೂಢತನವನ್ನು ಹಳಿಯುತ್ತಾ ಕೂರಲಿಲ್ಲ. ತಾನೇ ಡಾಕ್ಟರಾಗುತ್ತೇನೆಂದು ಅಮೆರಿಕಕ್ಕೆ ಹೊರಟರು. 1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. ನಮ್ಮ ಆನಂದಿಬಾಯಿ ಜೋಶಿ 1886ರಲ್ಲಿ ಪದವಿ ಪಡೆದದ್ದು ಅದೇ ಕಾಲೇಜಿನಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಮಗು ಹತ್ತೇ ದಿನ ಬದುಕಿದ್ದು ಆನಂದಿಬಾಯಿಯವರನ್ನು ಆ ದಾರಿಗೆ ಹಚ್ಚಿತ್ತು. ಪಾಪ, ಊರಿಗೆ ಮರಳಿದ ಕೆಲವೇ ತಿಂಗಳಿಗೆ ತೀರಿಕೊಂಡರು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜು ಹೆಂಗಸರಿಗೂ ಬಾಗಿಲು ತೆರೆದಾಗ ಐಡಾ ಅಲ್ಲಿಗೆ ಹೋಗಿ 1899ರಲ್ಲಿ ಪದವಿ ಮುಗಿಸಿದರು.

ಮಹಿಳಾ ವೈದ್ಯರ ಯೋಚನೆ ಅಷ್ಟರಲ್ಲಿ ಮದ್ರಾಸಿಗೆ ಹೊಸದೇನೂ ಅಲ್ಲ. ಮದ್ರಾಸ್ ಮೆಡಿಕಲ್ ಕಾಲೇಜು 1875ರಲ್ಲೇ ಹೆಂಗಸರನ್ನು ಸೇರಿಸಿಕೊಂಡಿತ್ತು. ಅಲ್ಲಿ ಮೊದಲ ತಂಡದಲ್ಲಿ ಕಲಿತ ಮೇರಿ ಶಾರ್ಲೀಬ್ ಅವರ ಪ್ರಯತ್ನದಿಂದ 1885ರಲ್ಲಿ ಜಾತಿಸ್ಥ ಮತ್ತು ಗೋಷಾ ಹೆಂಗಸರಿಗೆಂದೇ ಮದ್ರಾಸಿನಲ್ಲಿ ಆಸ್ಪತ್ರೆಯಾಯಿತು. ಅದೇ ವರ್ಷ ವೈಸರಾಯರ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿಯೂ ಹುಟ್ಟಿತು. ಆದರೆ ಇವೆಲ್ಲ ಪಟ್ಟಣಗಳ ಮಾತು. ತಿಂಡಿವನದಂಥ ಊರಿನ ಹುಡುಗಿ ನಡುರಾತ್ರಿ ಮದ್ರಾಸಿಗೆ ಹೋಗುವುದೆಲ್ಲಿ?

ಆಸ್ಪತ್ರೆಗೆ ಹಣ ಬೇಕೆಂದು ಐಡಾ ನ್ಯೂಯಾರ್ಕಿನಲ್ಲಿ ಮನೆಮನೆ ತಿರುಗಿದರು. ಶೆಲ್ ಎಂಬ ಬ್ಯಾಂಕಿನ ಧಣಿ ತೀರಿಕೊಂಡ ತನ್ನ ಹೆಂಡತಿಯ ನೆನಪಿಗೆ ಹತ್ತು ಸಾವಿರ ಡಾಲರು ಕೊಟ್ಟರು. 1900ರ ಹೊಸ ವರ್ಷದ ಹೊತ್ತಿಗೆ ಐಡಾ ಭಾರತದಲ್ಲಿದ್ದರು. ತಂದೆಯ ಕೈಕೆಳಗೆ ಪಳಗಬೇಕೆಂದು ಬಂದವರಿಗೆ ಆ ಭಾಗ್ಯ ನಾಲ್ಕೈದು ತಿಂಗಳು ಮಾತ್ರ. ಅದೇ ವರ್ಷ ಮೇ ತಿಂಗಳಲ್ಲಿ ತಂದೆ ತೀರಿಹೋದರು. ವೆಲ್ಲೂರಿನ ಬಂಗಲೆಯ ಸಣ್ಣ ಕೋಣೆಯೊಂದರಲ್ಲಿ ಔಷಧಾಲಯ ತೆರೆದರೆ ಮೊದಮೊದಲು ಜನವೇ ಬರಲಿಲ್ಲ. ಗಂಡು ವೈದ್ಯ ಬೇಡವೆಂದ ಊರು ಹೆಣ್ಣು ವೈದ್ಯರನ್ನೂ ಕೂಡಲೇ ನಂಬಲಿಲ್ಲ ನೋಡಿ. ಅದು ನಮ್ಮ ಜನರ ರೀತಿ, ಯಾರಾದರೂ ಒಬ್ಬರು ಗುಣವಾಗಿ ಎದ್ದು ಹೋಗಬೇಕು, ಆಮೇಲೆ ಸಾಲು. ಸಾಲು ಬಂತು. ಎರಡು ವರ್ಷದಲ್ಲಿ ಐದು ಸಾವಿರ ರೋಗಿಗಳು. 1902ರಲ್ಲಿ ನಲವತ್ತು ಹಾಸಿಗೆಯ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆಯಿತು. ಮೊದಲ ಶಸ್ತ್ರಚಿಕಿತ್ಸೆಗೆ ಸಹಾಯಕ್ಕೆ ನಿಂತವಳು ಮನೆಯಾಳಿನ ಹೆಂಡತಿ. ಬೇರೆ ಯಾರೂ ಇರಲಿಲ್ಲ.

ಆಸ್ಪತ್ರೆಗೆ ಬರಲಾಗದವರಿಗಾಗಿ ಅವರೇ ಹೊರಟರು. ಮೊದಲು ಎತ್ತಿನ ಗಾಡಿ, 1909ರಿಂದ ಪ್ಯೂಜೋ ಕಾರು. ಗುಡಿಯಾತ್ತಂ ರಸ್ತೆಯಲ್ಲಿ ಹೋಗುವಾಗ ಗೊತ್ತಾದ ಮರಗಳ ನೆರಳಿನಲ್ಲಿ ಜನ ಕಾದಿರುತ್ತಿದ್ದರು. ಅಲ್ಲೇ ಗಾಯ ತೊಳೆಯುವುದು, ಮದ್ದು ಕೊಡುವುದು, ಮುಂದಿನ ಮರಕ್ಕೆ ಹೋಗುವುದು. ಆ ರಸ್ತೆಬದಿಯ ಚಿಕಿತ್ಸೆ ಮುಂದೆ ಆ ಆಸ್ಪತ್ರೆಯ ಪದ್ಧತಿಯೇ ಆಯಿತು.

ಆದರೆ ಆ ರಾತ್ರಿ ಬಂದವರು ಮೂವರು. ಐಡಾ ಆಗಲೇ ಡಾಕ್ಟರಾಗಿದ್ದರೂ ಒಂದೇ ಹೊತ್ತಿಗೆ ಮೂರು ಮನೆಗಳಿಗೆ ಹೋಗಲು ಸಾಧ್ಯವಿತ್ತೇ? ಒಬ್ಬಳು ಡಾಕ್ಟ್ರಮ್ಮ ಸಾಲದು ಎಂಬುದು ಅವರಿಗೆ ಬೇಗನೆ ಮನದಟ್ಟಾಯಿತು. 1909ರಲ್ಲಿ ನರ್ಸುಗಳ ತರಬೇತಿ ಶಾಲೆ ಶುರು ಮಾಡಿದರು. ಊರಿನ ಹುಡುಗಿಯರನ್ನೇ ವೈದ್ಯರನ್ನಾಗಿ ಮಾಡುವ ಶಾಲೆ ಆಗಬೇಕೆಂದು ಹಟ ಹಿಡಿದರು. ಮೂರು ಅರ್ಜಿ ಬಂದರೆ ನಿಮ್ಮ ಪುಣ್ಯ ಎಂದು ದೊಡ್ಡ ಅಧಿಕಾರಿಯೊಬ್ಬರು ಗೇಲಿ ಮಾಡಿದರಂತೆ. ಬಂದ ಅರ್ಜಿಗಳು 151. ಅರ್ಜಿಗಳನ್ನು ಎಣಿಸುತ್ತಲೇ ಸರ್ವಿಸು ಮುಗಿಸಿದ ನಮಗೆ ಈ ಅಂಕಿ ಓದಿದಾಗಲೆಲ್ಲ ಖುಷಿ. 1918ರ ಆಗಸ್ಟ್ 12ರಂದು ಶಾಲೆ ತೆರೆಯಿತು. ಹಳಬರು ಎಲ್.ಎಂ.ಪಿ. ಡಾಕ್ಟ್ರು ಎನ್ನುತ್ತಿದ್ದರಲ್ಲ, ಆ ಡಿಪ್ಲೊಮಾದ ಓದು. ಮೊದಲ ಪರೀಕ್ಷೆಗೆ ಕುಳಿತ ಹದಿನಾಲ್ಕು ಹುಡುಗಿಯರಲ್ಲಿ ಹದಿನಾಲ್ಕೂ ಮಂದಿ ಪಾಸು. ಆ ವರ್ಷ ಇಡೀ ಪ್ರೆಸಿಡೆನ್ಸಿಯಲ್ಲಿ ಪರೀಕ್ಷೆ ಬರೆದ ಗಂಡು ಹುಡುಗರಲ್ಲಿ ಐವರಲ್ಲಿ ಒಬ್ಬ ಪಾಸಾಗಿದ್ದ. 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ಕೂಡ ಮದ್ರಾಸಿನ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಂದರೆ ಅದು ನಮ್ಮದೇ ಪ್ರಾಂತ್ಯದ ಪರೀಕ್ಷೆ.

ಇಲ್ಲಿಗೆ ಕಥೆ ಮುಗಿದರೆ ಚೆನ್ನಾಗಿತ್ತು. ಆದರೆ 1938ರಲ್ಲಿ ಮದ್ರಾಸ್ ಸರಕಾರ ಡಿಪ್ಲೊಮಾ ಓದನ್ನು ನಿಲ್ಲಿಸಿ, ಇನ್ನು ಮೇಲೆ ವಿಶ್ವವಿದ್ಯಾಲಯದ ಪದವಿ ಕಾಲೇಜುಗಳು ಮಾತ್ರ ಎಂದು ಆದೇಶ ಮಾಡಿತು. ಕಾಲೇಜನ್ನು ಮೇಲಕ್ಕೇರಿಸಲು ಹೆಚ್ಚು ಹಾಸಿಗೆ, ಹೆಚ್ಚು ಅಧ್ಯಾಪಕರು, ಹೆಚ್ಚು ಹಣ ಬೇಕು. ಐಡಾ ಅವರಿಗೆ ಆಗ ಎಪ್ಪತ್ತರ ಹತ್ತಿರ. ಎಲ್ಲ ಮಿಷನ್ನುಗಳೂ ಸೇರಿ ಹಣ ಹಾಕಬೇಕಾದರೆ ಗಂಡು ಹುಡುಗರಿಗೂ ಪ್ರವೇಶ ಕೊಡಬೇಕು ಎಂಬ ಮಾತು ಬಂತು. ಹೆಂಗಸರಿಗಾಗಿ ಹೆಂಗಸರೇ ಕಟ್ಟಿದ ಜಾಗ! ಅಮೆರಿಕದಲ್ಲಿ ಹೆಂಗಸರಿಂದ ಚಿಲ್ಲರೆ ಚಿಲ್ಲರೆಯಾಗಿ ಹಣ ಕೂಡಿಸಿಕೊಟ್ಟಿದ್ದ ಹಳೆಯ ಗೆಳತಿ ಲೂಸಿ ಪೀಬಾಡಿ ಇದನ್ನು ಕೇಳಿ ಬಹಳ ನೊಂದರು, ಎದುರು ನಿಂತರು. ಐಡಾ ತಳಮಳಿಸಿ, ಕಡೆಗೆ ಒಪ್ಪಿದರು. ಯುದ್ಧದ ವರ್ಷಗಳಲ್ಲಿ ಅಮೆರಿಕದ ಊರೂರು ತಿರುಗಿ ಮತ್ತೆ ಹಣ ಕೇಳಿದರು. 1947ರಲ್ಲಿ ಗಂಡು ವಿದ್ಯಾರ್ಥಿಗಳ ಮೊದಲ ತಂಡ ಒಳಗೆ ಬಂತು. ಐಡಾ ಅದಕ್ಕೆ ಮೊದಲೇ 1946ರಲ್ಲಿ ನಿವೃತ್ತರಾಗಿದ್ದರು. ಅವರ ನಂತರ ಸಂಸ್ಥೆಯ ಹೊಣೆ ಹೊತ್ತ ಮೊದಲ ಭಾರತೀಯರು ಹಿಲ್ಡಾ ಲಾಜರಸ್ ಎಂಬ ಪ್ರಸೂತಿ ತಜ್ಞೆ.

ಇದು ಸರಿಯೇ ತಪ್ಪೇ ಎಂದು ಕೇಳಿದರೆ ನಮ್ಮ ಅಭಿಪ್ರಾಯ, ಸರಿ. ಕುಷ್ಠರೋಗಿಗಳ ಮುದುಡಿದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿಕೊಟ್ಟ ಪಾಲ್ ಬ್ರಾಂಡ್ ಅಂಥವರು ದುಡಿದದ್ದು ಅಲ್ಲಿಯೇ. ಪ್ರಸೂತಿಯಲ್ಲೇ ನೋಡಿದರೂ, ಅದೇ ಕಾಲದಲ್ಲಿ ಮದ್ರಾಸಿನ ಎಗ್ಮೋರ್ ಆಸ್ಪತ್ರೆಯಲ್ಲಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಕೈಯಲ್ಲಿ ಅಸಂಖ್ಯ ಹೆರಿಗೆಗಳಾದವು. ಅವರು ಬರೆದ ಪ್ರಸೂತಿಶಾಸ್ತ್ರದ ಪುಸ್ತಕವನ್ನು ಇಂದಿಗೂ ಓದುತ್ತಾರೆ. ಗಂಡಸರಿಗೆ ಈ ವಿದ್ಯೆ ಬಾರದು ಎಂದು ಐಡಾ ಎಂದೂ ಭಾವಿಸಿದವರಲ್ಲ. ಸ್ವಂತ ತಂದೆಯೇ ಆ ರಾತ್ರಿ ಸಿದ್ಧವಾಗಿ ನಿಂತಿದ್ದರಲ್ಲ. ಹೆಂಗಸು ಬೇಕೆಂದವಳಿಗೆ ಹೆಂಗಸು ಸಿಗಬೇಕು ಎಂಬುದಷ್ಟೇ ಅವರ ಹಟ.

ನಿವೃತ್ತಿಯ ನಂತರ ಕೊಡೈಕೆನಾಲಿನಲ್ಲಿ ಇದ್ದರು. ಅಮೆರಿಕದಿಂದ ಯಾರೋ ಲಕೋಟೆಯ ಮೇಲೆ ಡಾಕ್ಟರ್ ಐಡಾ, ಇಂಡಿಯಾ ಎಂದಷ್ಟೇ ಬರೆದು ಹಾಕಿದ ಪತ್ರ ನೇರ ಅವರ ಕೈಸೇರಿದ ಸಂಗತಿ ಪ್ರಸಿದ್ಧವೇ ಇದೆ. ಇಂದು ಪಿನ್ ಕೋಡ್ ಬರೆದರೂ ನಮ್ಮ ಸಂಘದ ಆಮಂತ್ರಣ ಕೆಲವು ಮನೆಗೆ ತಲುಪುವುದಿಲ್ಲ, ಇರಲಿ. 1960ರ ಮೇ ತಿಂಗಳಲ್ಲಿ, ಎಂಬತ್ತೊಂಬತ್ತರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮದುವೆಯಾಗಲಿಲ್ಲ. ಬೇಡವೆಂದು ಬಿಟ್ಟು ಹೋಗಲಿದ್ದ ದೇಶದಲ್ಲೇ ಉಳಿದರು.

ಈಗ ಕಾಲ ಬದಲಾಗಿದೆ. ನಮ್ಮ ತಾಯಂದಿರ ಕಾಲದಲ್ಲಿ ಮನೆಯಲ್ಲೇ ಸೂಲಗಿತ್ತಿ, ತೀರ ಕಷ್ಟವಾದರೆ ಮಂಗಳೂರಿನ ಲೇಡಿ ಗೋಶನ್ ಆಸ್ಪತ್ರೆ. ಇಂದು ಯಾವ ಪ್ರಸೂತಿ ವಿಭಾಗಕ್ಕೆ ಹೋದರೂ ಡಾಕ್ಟ್ರಮ್ಮಂದಿರೇ ಹೆಚ್ಚು ಕಾಣುತ್ತಾರೆ. ಹಾಗೆಂದು ನಡುರಾತ್ರಿಯ ಡ್ಯೂಟಿಯಲ್ಲಿ ಯಾರಿರುತ್ತಾರೆ, ಅರಿವಳಿಕೆ ಕೊಡುವವರು ಯಾರು ಎಂಬುದು ನಾವು ಗೊತ್ತುಮಾಡುವ ವಿಷಯವಲ್ಲ. ಮುಂಚೆಯೇ ಕೇಳಿ ತಿಳಿದುಕೊಳ್ಳಬಹುದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಗಂಡು ಡಾಕ್ಟರು ಹೆಂಗಸನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜತೆಗಿರಬೇಕೆಂದು ಕೇಳುವ ಹಕ್ಕು ಸೇರಿದೆ. ಇದು ನಮ್ಮ ಸದಸ್ಯರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ನಮಗಂತೂ ಈ ಲೇಖನಕ್ಕೆ ಓದುವವರೆಗೆ ಗೊತ್ತಿರಲಿಲ್ಲ.

ಸಭೆಯಲ್ಲಿ ಚರ್ಚೆಗೆ ಸಿಕ್ಕಿದ ಆ ಸೊಸೆಯನ್ನು ಮೊನ್ನೆ ದಾರಿಯಲ್ಲಿ ಕಂಡೆವು. ಏಳು ಮಂದಿಯಲ್ಲಿ ಒಬ್ಬರಾಗಿ ಕ್ಷಮೆ ಕೇಳಿದೆವು. ಆಕೆ ನಕ್ಕು, ಆಸ್ಪತ್ರೆ ಗೊತ್ತು ಮಾಡಿಯಾಯಿತು, ಲೇಡಿ ಡಾಕ್ಟರೇ ಇದ್ದಾರೆ, ತೀರ ಅವಸರವಾದರೆ ಯಾರಾದರೂ ಆದೀತೆಂದು ಗಂಡನಿಗೆ ಚೀಟಿ ಬರೆದುಕೊಟ್ಟಿದ್ದೇನೆ ಎಂದಳು. ಅಂಥ ಚೀಟಿ 1988ರಲ್ಲಿ ನಮ್ಮ ಜೇಬಿನಲ್ಲಿ ಇರಲಿಲ್ಲ.

ಮುಂದಿನ ತಿಂಗಳ ಎರಡನೆಯ ಆದಿತ್ಯವಾರ ಮಧ್ಯಾಹ್ನ ಮೂರು ಗಂಟೆಗೆ ಸಂಘದ ಕೋಣೆಯಲ್ಲಿ ಇದೇ ವಿಷಯವಾಗಿ ಮಹಿಳಾ ಸದಸ್ಯರು ಮಾತನಾಡಲಿದ್ದಾರೆ. ಪುರುಷ ಸದಸ್ಯರು ಬಂದು ಕೇಳಬಹುದು. ಆ ದಿನದ ಚಾ ಗಂಡಸರೇ ಮಾಡುವುದೆಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾಗಿದೆ. ಸಕ್ಕರೆ, ಚಾಪುಡಿ ನಾವು ತರುತ್ತೇವೆ, ಹಾಲಿನ ವ್ಯವಸ್ಥೆಗೆ ಇಬ್ಬರು ಹೆಸರು ಕೊಡಬೇಕು.